ಮಗನ ಮಾತು ತಡವಾಗಿದೆ, ಮನೆಯಲ್ಲಿ ಕನ್ನಡ ಬಿಡಬೇಕಾ?

ಪ್ರಶ್ನೆ: ನಾನು ಧಾರವಾಡದವಳು. ಮದುವೆಯಾಗಿ ಡೊಂಬಿವಲಿಗೆ ಬಂದು ಆರು ವರ್ಷ ಆಯಿತು. ನಮ್ಮ ಯಜಮಾನರು ಹುಟ್ಟಿ ಬೆಳೆದದ್ದು ಮುಂಬೈಯಲ್ಲೇ, ಮನೆಮಾತು ತುಳು. ಅತ್ತೆ ನಮ್ಮ ಜೊತೆಗೇ ಇದ್ದಾರೆ. ಮಗನಿಗೆ ಈಗ 3 ವರ್ಷ 2 ತಿಂಗಳು. ನಾನು ಲೆಕ್ಕ ಹಾಕಿದ ಹಾಗೆ ಸುಮಾರು 25 ಪದ ಆಡುತ್ತಾನೆ. ‘ಪಾನಿ ಬೇಕು’, ‘ಬಸ್ ಪೋಂಡು’ ಅಂತ ಎರಡೆರಡು ಪದ ಸೇರಿಸುವುದು ಈಗಷ್ಟೇ ಶುರುವಾಗಿದೆ. ಎಲ್ಲ ಭಾಷೆಯೂ ಕಲಸುಮೇಲೋಗರ. ಪ್ಲೇಸ್ಕೂಲಿನ ಟೀಚರ್, ‘ಇಷ್ಟೊಂದು ಭಾಷೆ ಕೇಳಿ ಮಗು ಗೊಂದಲಕ್ಕೆ ಬಿದ್ದಿದೆ. ಮನೆಯಲ್ಲಿ ಇಂಗ್ಲಿಷ್ ಒಂದೇ ಮಾತಾಡಿ’ ಅಂದರು. ಎರಡು ತಿಂಗಳಿಂದ ಹಾಗೇ ಮಾಡುತ್ತಿದ್ದೇವೆ. ನನ್ನ ಇಂಗ್ಲಿಷ್ ‘ಕಮ್, ಈಟ್, ಸಿಟ್, ನೋ’ ಅಷ್ಟಕ್ಕೇ ನಿಲ್ಲುತ್ತದೆ. ಅತ್ತೆಗೆ ಇಂಗ್ಲಿಷ್ ಬಾರದು, ಅವನ ಜೊತೆ ಮಾತನ್ನೇ ಕಡಿಮೆ ಮಾಡಿದ್ದಾರೆ. ಯಜಮಾನರದು ಹೋಟೆಲ್ ಕೆಲಸ, ಮನೆಗೆ ಬರುವಾಗ ರಾತ್ರಿ ಹನ್ನೊಂದು. ಮಗ ಈಗ ಮೊದಲಿಗಿಂತ ಸುಮ್ಮನಿರುತ್ತಾನೆ. ನಾವು ಮಾಡಿದ್ದು ತಪ್ಪಾಯಿತಾ? ಮೊದಲು ಇಂಗ್ಲಿಷ್ ಕಲಿಯಲಿ, ಆಮೇಲೆ ರಜೆಗೆ ಧಾರವಾಡಕ್ಕೆ ಕಳಿಸಿದರೆ ಕನ್ನಡ ಬರುತ್ತಲ್ಲ ಅಂತ ಯಜಮಾನರು ಹೇಳುತ್ತಾರೆ. ನನ್ನ ಕನ್ನಡವೂ ‘ಶುದ್ಧ’ ಅಲ್ಲವಂತೆ. ಕಡೆಯದಾಗಿ, ನರ್ಸರಿ ಫಾರ್ಮಿನಲ್ಲಿ ‘ಮನೆಯಲ್ಲಿ ಆಡುವ ಭಾಷೆ’ ಅಂತ ಒಂದು ಜಾಗ ಇದೆ. ಅಲ್ಲಿ ಇಂಗ್ಲಿಷ್ ಅಂತ ಬರೆಯಲೇ?

ಉತ್ತರ: ಮೊದಲು ಚಿಕ್ಕ ಉತ್ತರ ಕೊಟ್ಟುಬಿಡುತ್ತೇನೆ, ಆಮೇಲೆ ಉದ್ದದ್ದು. ಕನ್ನಡ ಬಿಡಬೇಡಿ. ಬಿಟ್ಟಿರುವುದನ್ನು ಇವತ್ತೇ ಮತ್ತೆ ಶುರು ಮಾಡಿ. ಆದರೆ ಕನ್ನಡ ಶುರುವಾಯಿತು, ಇನ್ನು ತಾನಾಗೇ ಎಲ್ಲ ಸರಿಹೋಗುತ್ತದೆ ಅಂತ ಕೂತುಬಿಡಬೇಡಿ. ನಿಮ್ಮ ಮಗನ ಮಾತು ನಿಜಕ್ಕೂ ತಡವಾಗಿದೆ. ಅದರ ಕಾರಣವನ್ನು ಭಾಷೆಯಲ್ಲಿ ಅಲ್ಲ, ಬೇರೆ ಕಡೆ ಹುಡುಕಬೇಕು. ಅದೂ ಈ ತಿಂಗಳಲ್ಲೇ.

ನಾನು ಕಲಿತದ್ದು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ. ಮುಂಬೈಯಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿ ಕೆಲಸ ಮಾಡುತ್ತಾ ಇಪ್ಪತ್ತು ವರ್ಷದ ಮೇಲಾಯಿತು. ‘ಇಂಗ್ಲಿಷ್ ಒಂದೇ ಮಾತಾಡಿ’ ಅಂತ ಹೇಳಿಸಿಕೊಂಡು ಬರುವ ತಾಯಂದಿರು ನನಗೆ ಹೊಸಬರಲ್ಲ. ಗುಜರಾತಿ ತಾಯಿಗೂ ಅದೇ ಮಾತು, ತಮಿಳು ತಾಯಿಗೂ ಅದೇ, ಕೊಂಕಣಿ ತಾಯಿಗೂ ಅದೇ. ಹೇಳಿದ ಟೀಚರ್ ಮೇಲೆ ನನಗೆ ಸಿಟ್ಟಿಲ್ಲ. ಅವರು ಎರಡು ಸಂಗತಿ ಕಂಡರು: ಮಗು ಕಡಿಮೆ ಮಾತಾಡುತ್ತದೆ, ಮನೆಯಲ್ಲಿ ಮೂರ್ನಾಲ್ಕು ಭಾಷೆ ಇದೆ. ಎರಡೂ ನಿಜವೇ. ಎರಡಕ್ಕೂ ಗಂಟು ಹಾಕಿದ್ದು ಮಾತ್ರ ತಪ್ಪು.

ಈ ಗಂಟು ಇವತ್ತಿನದಲ್ಲ. ನೂರು ವರ್ಷದ ಹಿಂದೆ ಪಾಶ್ಚಾತ್ಯ ದೇಶಗಳಲ್ಲಿ ಎರಡು ಭಾಷೆಯ ಮಕ್ಕಳಿಗೆ ಬುದ್ಧಿ ಕಡಿಮೆ ಅಂತ ದೊಡ್ಡ ದೊಡ್ಡವರೇ ಬರೆದಿದ್ದರು. ಆಗಿನ ಎಷ್ಟೋ ಪರೀಕ್ಷೆಗಳಲ್ಲಿ ಬಡ ವಲಸಿಗರ ಮಕ್ಕಳನ್ನು ಕೂರಿಸಿ, ಅವರಿಗೆ ಸರಿಯಾಗಿ ಬಾರದ ಭಾಷೆಯಲ್ಲಿ ಪ್ರಶ್ನೆ ಕೇಳಿ, ಅನುಕೂಲಸ್ಥರ ಮಕ್ಕಳ ಜೊತೆ ಹೋಲಿಸಿದ್ದರು. ಮಕ್ಕಳು ಹಿಂದೆ ಬೀಳದೆ ಇನ್ನೇನು? 1962ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಎಂಬ ಇಬ್ಬರು ಹತ್ತು ವರ್ಷದ ಮಕ್ಕಳನ್ನು, ಮನೆಯ ಅನುಕೂಲ ಒಂದೇ ಸಮ ಇರುವ ಹಾಗೆ ಆರಿಸಿ ಪರೀಕ್ಷೆ ಮಾಡಿದರು. ಎರಡು ಭಾಷೆಯ ಮಕ್ಕಳು ಹಿಂದೆ ಬೀಳಲಿಲ್ಲ, ಮುಂದೇ ಇದ್ದರು. ಈಗ ನಮ್ಮ ವೃತ್ತಿಯಲ್ಲಿ ವಿಷಯ ತಿಳಿದವರು ಆ ಹಳೆಯ ಮಾತನ್ನು ನಂಬುವುದಿಲ್ಲ. ಆದರೆ ಅದು ಪ್ಲೇಸ್ಕೂಲುಗಳಲ್ಲಿ, ಬಿಲ್ಡಿಂಗಿನ ಗೇಟಿನಲ್ಲಿ, ಕೆಲವು ಕ್ಲಿನಿಕ್ಕುಗಳಲ್ಲಿ ಇನ್ನೂ ಓಡಾಡಿಕೊಂಡಿದೆ. ಎರಡು ಭಾಷೆ ಮಗುವಿಗೆ ಭಾರ ಅನ್ನುವುದಾದರೆ ನಮ್ಮ ಮುಂಬೈಯ ಮಕ್ಕಳು ಯಾರೂ ಬಾಯಿ ಬಿಡಬಾರದಿತ್ತು, ಅಲ್ವಾ?

ಈಗ ನಿಮ್ಮ ಮಗನ ‘ಕಲಸುಮೇಲೋಗರ’ದ ವಿಷಯ. ನನಗೆ ಇದು ಬಹಳ ಇಷ್ಟದ ವಿಷಯ, ಸ್ವಲ್ಪ ತಾಳ್ಮೆಯಿಂದ ಕೇಳಿ. ‘ಬಸ್ ಪೋಂಡು’ ಅಂದ ಅಂತ ಬರೆದಿದ್ದೀರಿ. ತುಳುವಿನಲ್ಲಿ ಗಂಡಸು ಹೋದರೆ ‘ಪೋಯೆ’, ಬಸ್ಸೋ ಬೆಕ್ಕೋ ಹೋದರೆ ‘ಪೋಂಡು’. ಅವನು ಬಸ್ಸಿಗೆ ಸರಿಯಾದದ್ದನ್ನೇ ಹಾಕಿದ್ದಾನೆ. ಇದು ಅಜ್ಜಿಯ ಬಾಯಿಂದ ಇಡಿಯಾಗಿ ಎತ್ತಿಕೊಂಡ ಮಾತೂ ಆಗಿರಬಹುದು. ಆದರೆ ನಾಳೆ ಅವನು ‘ಪಪ್ಪ ಪೋಯೆರ್’ (ಗೌರವದಿಂದ ‘ಹೋದರು’) ಅಂದ ಅಂದುಕೊಳ್ಳಿ. ಆಗ ಅವನ ತಲೆಯೊಳಗೆ ತುಳುವಿನ ವ್ಯಾಕರಣ ಕೂತಿದೆ ಅಂತಲೇ ಅರ್ಥ. ಕಿವಿಗೊಟ್ಟು ಕೇಳಿ, ಬರೆದಿಡಿ. ‘ಪಾನಿ ಬೇಕು’ ಕೂಡ ಹಾಗೇ. ಪದ ಹಿಂದಿಯದು, ಕಟ್ಟಿದ್ದು ಕನ್ನಡದ ಹಾಗೆ. ನನ್ನ ಹತ್ತಿರ ಬರುತ್ತಿದ್ದ ನಾಲ್ಕು ವರ್ಷದ ಒಬ್ಬಳು ಚೆಂಡು ಎಸೆದು ‘ಪಕಡಿಸು, ಪಕಡಿಸು’ ಅಂತ ಕೂಗುತ್ತಿದ್ದಳು. ಹಿಂದಿಯ ‘ಪಕಡ್’ ತಗೊಂಡು ಕನ್ನಡದ ‘ಇಸು’ ಅಂಟಿಸಿದ್ದಳು. ‘ಬದಲ್’ ಅನ್ನುವ ಪರಭಾಷೆಯ ಪದದಿಂದ ‘ಬದಲಾಯಿಸು’ ಮಾಡಿಕೊಂಡ ನಮ್ಮ ಹಿರಿಯರೂ ಮಾಡಿದ್ದು ಇದನ್ನೇ. ಗೊಂದಲಕ್ಕೆ ಬಿದ್ದ ಮಗು ಇಂಥ ಕೆಲಸ ಮಾಡುವುದಿಲ್ಲ. ಕೈಗೆ ಯಾವ ಪದ ಮೊದಲು ಸಿಕ್ಕಿತೋ ಅದನ್ನು ತಗೊಂಡು, ತನಗೆ ಗೊತ್ತಿರುವ ಅಚ್ಚಿನಲ್ಲಿ ಹಾಕುತ್ತದೆ.

ಅಂದಹಾಗೆ, ಗೊಂದಲ ಆಗುವುದೇ ಆಗಿದ್ದರೆ ನಿಮ್ಮ ಮನೆಯಲ್ಲಿ ಅದಕ್ಕೆ ಒಳ್ಳೆಯ ಅವಕಾಶ ಇತ್ತು. ತುಳುವಿನಲ್ಲಿ ‘ಅಪ್ಪೆ’ ಅಂದರೆ ತಾಯಿ, ‘ಅಮ್ಮೆ’ ಅಂದರೆ ತಂದೆ. ಕನ್ನಡದ ಅಪ್ಪ ಅಮ್ಮನಿಗೆ ತಿರುಗುಮುರುಗು! ಧಾರವಾಡದ ಕಡೆ ಎಷ್ಟೋ ಮನೆಗಳಲ್ಲಿ ಅಜ್ಜಿಗೆ ‘ಆಯಿ’ ಅನ್ನುತ್ತಾರೆ. ಇಲ್ಲಿ ಡೊಂಬಿವಲಿಯಲ್ಲಿ ಪಕ್ಕದ ಮನೆಯ ಹುಡುಗನ ‘ಆಯಿ’ ಅಂದರೆ ಅವನ ತಾಯಿ. ಇಷ್ಟೆಲ್ಲ ಇದ್ದೂ ಮಕ್ಕಳು ಯಾರನ್ನು ಏನೆಂದು ಕರೆಯಬೇಕು ಅನ್ನುವುದರಲ್ಲಿ ತಪ್ಪುವುದು ಬಹಳ ಕಡಿಮೆ. ಯಾರ ಮುಖ ಕಂಡರೆ ಯಾವ ಭಾಷೆ ಅನ್ನುವುದು ಅವರಿಗೆ ಎರಡು ವರ್ಷದ ಹೊತ್ತಿಗೇ ಗೊತ್ತಾಗಿರುತ್ತದೆ.

ಹಾಗಾದರೆ ತಡ ಯಾಕೆ? ಅದಕ್ಕೆ ಮೊದಲು ಎಷ್ಟು ತಡ ಅಂತ ನೋಡೋಣ. ನೀವು 25 ಪದ ಅಂದಿರಿ. ಆ ಲೆಕ್ಕದಲ್ಲಿ ತುಳು ಪದಗಳು ಎಷ್ಟು ಬಂದಿವೆ? ನೀವು ತುಳು ಪೂರ್ತಿ ಬಲ್ಲವರಲ್ಲ ಅಂದುಕೊಳ್ಳುತ್ತೇನೆ. ಅವನು ಅಜ್ಜಿಯ ಹತ್ತಿರ ‘ಬೊಡ್ಚಿ’ (ಬೇಡ) ಅಂದದ್ದು ನಿಮ್ಮ ಲೆಕ್ಕದಲ್ಲಿದೆಯಾ? ಫ್ರಿಜ್ಜಿನ ಮೇಲೆ ಒಂದು ಹಾಳೆ ಅಂಟಿಸಿ. ಒಂದು ವಾರ ನೀವು, ಅತ್ತೆ, ಯಜಮಾನರು ಮೂವರೂ ಕಿವಿಗೆ ಬಿದ್ದ ಪ್ರತಿ ಪದವನ್ನೂ ಬರೆಯಿರಿ. ಕನ್ನಡ, ತುಳು, ಹಿಂದಿ, ಮರಾಠಿ, ಇಂಗ್ಲಿಷ್ ಎಲ್ಲವೂ ಸೇರಲಿ. ನಾಯಿಗೆ ‘ಬೌಬೌ’ ಅಂದರೆ ಅದೂ ಪದವೇ. ಹಲವು ಭಾಷೆಯ ಮಗುವಿನ ಪದ ಎಣಿಸುವುದು ಹೀಗೆ, ಎಲ್ಲ ಭಾಷೆ ಒಟ್ಟು ಸೇರಿಸಿ. ಒಂದೇ ಭಾಷೆಯ ಪದ ಎಣಿಸಿ ಕಡಿಮೆ ಅನ್ನುವುದು, ಒಂದು ಜೇಬು ಮಾತ್ರ ತಡಕಿ ದುಡ್ಡಿಲ್ಲ ಅಂದ ಹಾಗೆ.

ಆದರೂ ನಾನು ನಿಮಗೆ ಸುಮ್ನೆ ಸಮಾಧಾನ ಹೇಳಲಾರೆ. ಪಟ್ಟಿ 60ಕ್ಕೆ ಹೋದರೂ ತಡ ತಡವೇ. ಎರಡು ವರ್ಷ ತುಂಬುವ ಹೊತ್ತಿಗೆ ಎಲ್ಲ ಭಾಷೆ ಸೇರಿ ಒಂದು 50 ಪದ, ಎರಡು ಪದ ಜೋಡಿಸಿದ ಮಾತು ಇರಬೇಕು. ಮೂರಕ್ಕೆ ನೂರಾರು ಪದ, ಮೂರು ಪದದ ವಾಕ್ಯ, ಹೊರಗಿನವರಿಗೂ ಮುಕ್ಕಾಲು ಪಾಲು ಅರ್ಥವಾಗುವ ಮಾತು. ಈ ಅಳತೆಯಲ್ಲಿ ಅವನು ಸುಮಾರು ಒಂದು ವರ್ಷ ಹಿಂದಿದ್ದಾನೆ. ‘ಗಂಡು ಮಕ್ಕಳು ತಡವಾಗಿ ಮಾತಾಡುತ್ತಾರೆ, ಅವರಪ್ಪನೂ ಹಾಗೇ ಇದ್ದ’ ಅಂತ ನಿಮ್ಮ ಮನೆಯಲ್ಲೂ ಯಾರಾದರೂ ಹೇಳಿರುತ್ತಾರೆ. ಗಂಡು ಮಕ್ಕಳು ಸ್ವಲ್ಪ ಹಿಂದಿರುವುದು ಹೌದು, ಅದು ಕೆಲವು ವಾರದ ಮಾತು, ವರ್ಷದ್ದಲ್ಲ. ಅಪ್ಪನೂ ತಡವಾಗಿ ಮಾತಾಡಿದ್ದರೆ ಅದು ಕಾಯುವುದಕ್ಕೆ ಕಾರಣವಲ್ಲ, ಬೇಗ ತೋರಿಸುವುದಕ್ಕೆ ಕಾರಣ.

ಮೊದಲ ಕೆಲಸ ಕಿವಿ ಪರೀಕ್ಷೆ. ‘ಅವನಿಗೆ ಚೆನ್ನಾಗಿ ಕೇಳಿಸುತ್ತದೆ, ಚಾಕ್ಲೆಟ್ ಕಾಗದದ ಸದ್ದಿಗೆ ಓಡಿ ಬರುತ್ತಾನೆ’ ಅನ್ನಬೇಡಿ. ಎಲ್ಲರೂ ಹಾಗೇ ಅನ್ನುತ್ತಾರೆ. ಕೆಲವು ವರ್ಷದ ಹಿಂದೆ ಆರು ವರ್ಷದ ಒಂದು ಹುಡುಗಿಯನ್ನು ಕರೆತಂದಿದ್ದರು. ಮಂಗಳೂರು ಕಡೆಯವರು. ಮೂರು ವರ್ಷದವಳಿದ್ದಾಗಲೇ ಯಾರೋ ಮನೆಮಾತು ನಿಲ್ಲಿಸಿ ಅಂದಿದ್ದರಂತೆ, ನಿಲ್ಲಿಸಿದ್ದರು. ಮೂರು ವರ್ಷ ಇಂಗ್ಲಿಷ್ ಮಾತಾಡಿಸಿಕೊಂಡೇ ಕಾದಿದ್ದರು. ಪರೀಕ್ಷೆ ಮಾಡಿದರೆ ಎರಡೂ ಕಿವಿಯಲ್ಲಿ ಅರ್ಧಂಬರ್ಧ ಕೇಳಿಸುತ್ತಿತ್ತು. ಹತ್ತಿರದ ಸದ್ದು, ದಪ್ಪ ಸದ್ದು ಸಿಗುತ್ತಿತ್ತು. ಸ, ಶ, ತ ತರಹದ ತೆಳು ಧ್ವನಿ ತಪ್ಪಿಹೋಗುತ್ತಿತ್ತು. ಆ ಮಗುವಿಗೆ ಯಾವ ಭಾಷೆ ಮಾತಾಡಿದರೂ ಅಷ್ಟೇ. ಭಾಷೆಯ ಮೇಲೆ ತಪ್ಪು ಹೊರಿಸಿದ್ದರಿಂದ ಮೂರು ವರ್ಷ ಕಿವಿಯ ಕಡೆ ಯಾರೂ ನೋಡಲಿಲ್ಲ. ಮನೆಮಾತು ಬಿಡಿ ಅನ್ನುವ ಸಲಹೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸುವುದು ಇದೇ. ಏನೋ ಒಂದು ಮಾಡುತ್ತಿದ್ದೇವೆ ಅನ್ನಿಸುತ್ತದೆ, ನಿಜವಾದ ಕೆಲಸ ಮುಂದಕ್ಕೆ ಹೋಗುತ್ತದೆ.

ಮೂರು ವರ್ಷದ ಮಗುವಿಗೆ ಆಟವಾಡಿಸಿಕೊಂಡೇ ಕಿವಿ ಪರೀಕ್ಷೆ ಮಾಡಬಹುದು. ಸದ್ದು ಕೇಳಿದಾಗ ಡಬ್ಬಿಗೆ ಒಂದು ಬ್ಲಾಕ್ ಹಾಕು ಅನ್ನುತ್ತಾರೆ. ಅವನು ಸಹಕರಿಸದಿದ್ದರೆ ನಿದ್ದೆ ಮಾಡಿಸಿ ಮಾಡುವ ಬೇರಾ ಟೆಸ್ಟ್ ಇದೆ. ಕಿವಿಯ ಹಿಂದೆ, ಹಣೆಯ ಮೇಲೆ ಸಣ್ಣ ತಂತಿ ಅಂಟಿಸುತ್ತಾರೆ, ನೋವೇನೂ ಇಲ್ಲ. ಕಿವಿಯ ತಮಟೆಯ ಹಿಂದೆ ನೀರು ತುಂಬಿದೆಯಾ ಅಂತಲೂ ನೋಡಿಸಿ. ನಮ್ಮ ಮಳೆಗಾಲದಲ್ಲಿ ಮೂಗು ಸೋರಿಸಿಕೊಂಡೇ ಇರುವ ಮಕ್ಕಳಲ್ಲಿ ಇದು ಜಾಸ್ತಿ. ಬಾಂದ್ರಾ ರಿಕ್ಲಮೇಶನ್ನಿನಲ್ಲಿ ಕೇಂದ್ರ ಸರ್ಕಾರದ ಅಲಿ ಯಾವರ್ ಜಂಗ್ ಸಂಸ್ಥೆ ಇದೆ, ಕಿವಿ ಮತ್ತು ಮಾತು ಎರಡಕ್ಕೂ ಅಲ್ಲಿ ತೋರಿಸಬಹುದು. ಡೊಂಬಿವಲಿಯಿಂದ ದೂರವೇ, ಗೊತ್ತು. ಹತ್ತಿರದಲ್ಲೇ ತರಬೇತಿ ಆದ ಆಡಿಯಾಲಜಿಸ್ಟ್ ಸಿಕ್ಕರೂ ಆಯಿತು.

ಎರಡನೆಯದು, ಅವನಿಗೆ ಎಷ್ಟು ಅರ್ಥವಾಗುತ್ತದೆ ಅಂತ ನೋಡುವುದು. ಕೈಸನ್ನೆ ಮಾಡದೆ, ಆ ಕಡೆ ನೋಡದೆ, ‘ಅಜ್ಜಿಯ ಚಪ್ಪಲಿ ತಗೊಂಡು ಬಾ’ ಅನ್ನಿ. ತರುತ್ತಾನಾ? ಕರೆದರೆ ತಿರುಗುತ್ತಾನಾ? ಏನಾದರೂ ಕಂಡರೆ ಬೆರಳು ತೋರಿಸಿ ನಿಮ್ಮ ಮುಖ ನೋಡುತ್ತಾನಾ? ಚಮಚ ಹಿಡಿದು ಗೊಂಬೆಗೆ ಊಟ ಮಾಡಿಸುವ ಹಾಗೆ ಆಡುತ್ತಾನಾ? ಇವು ಇದ್ದರೆ ನನಗೆ ಅರ್ಧ ನೆಮ್ಮದಿ. ಇಲ್ಲದಿದ್ದರೆ ಮಕ್ಕಳ ಬೆಳವಣಿಗೆಯ ಡಾಕ್ಟರಿಗೂ ತೋರಿಸಬೇಕು. ಕೆಲವು ಮಕ್ಕಳಲ್ಲಿ ಕಿವಿ, ಬುದ್ಧಿ ಎಲ್ಲ ಸರಿ ಇದ್ದೂ ಭಾಷೆಯೇ ಕಷ್ಟವಾಗುತ್ತದೆ. ನೂರರಲ್ಲಿ ಸುಮಾರು ಏಳು ಮಕ್ಕಳು ಹೀಗೆ. ಒಂದು ಭಾಷೆಯ ಮನೆಯಲ್ಲೂ ಅಷ್ಟೇ, ನಾಲ್ಕು ಭಾಷೆಯ ಮನೆಯಲ್ಲೂ ಅಷ್ಟೇ. ಆ ಕಷ್ಟ ಇದ್ದರೆ ಅದು ಮಗು ಆಡುವ ಎಲ್ಲ ಭಾಷೆಯಲ್ಲೂ ಕಾಣುತ್ತದೆ. ಕನ್ನಡ ತೆಗೆದುಹಾಕಿದರೆ ಕಷ್ಟ ಹೋಗುವುದಿಲ್ಲ, ಕನ್ನಡ ಮಾತ್ರ ಹೋಗುತ್ತದೆ.

ಮೊಬೈಲ್ ಬಗ್ಗೆ ನೀವು ಏನೂ ಬರೆದಿಲ್ಲ. ಕೈಯಲ್ಲಿ ಎಷ್ಟು ಹೊತ್ತು ಇರುತ್ತದೆ ಅಂತ ನೀವೇ ಒಂದು ವಾರ ನೋಡಿಕೊಳ್ಳಿ, ಹೆಚ್ಚು ಹೇಳುವುದಿಲ್ಲ.

ಈಗ ನೀವು ಕೇಳಿದ ಮಾತು, ‘ತಪ್ಪಾಯಿತಾ?’ ಅನ್ನುವುದು. ಲೆಕ್ಕ ಹಾಕೋಣ. ಮಗು ದಿನಕ್ಕೆ ಹನ್ನೆರಡು ಗಂಟೆ ಎಚ್ಚರ ಇರುತ್ತದೆ ಅನ್ನಿ. ಪ್ಲೇಸ್ಕೂಲ್ ಮೂರು ಗಂಟೆ. ಉಳಿದ ಒಂಬತ್ತು ಗಂಟೆ ನಿಮ್ಮ ಜೊತೆ, ಅಜ್ಜಿಯ ಜೊತೆ. ಆ ಒಂಬತ್ತು ಗಂಟೆಯಲ್ಲಿ ಮೊದಲು ಎರಡು ಭಾಷೆ ಧಾರಾಳವಾಗಿ ಹರಿಯುತ್ತಿತ್ತು. ಈಗ ಅಜ್ಜಿ ಸುಮ್ಮನಾಗಿದ್ದಾರೆ, ನಿಮ್ಮ ಬಾಯಲ್ಲಿ ನಾಲ್ಕು ಪದ. ಆ ನಾಲ್ಕನ್ನೂ ನೋಡಿ: ಬಾ, ತಿನ್ನು, ಕೂರು, ಬೇಡ. ಎಲ್ಲ ಅಪ್ಪಣೆ. ಇಂಗ್ಲಿಷಿನಲ್ಲಿ ನೀವು ಅವನಿಗೆ ಪೊಲೀಸ್ ಆಗಿದ್ದೀರಿ. ಕನ್ನಡದಲ್ಲಿ ನೀವು ಅವನಿಗೆ ಬೈಯುತ್ತಿದ್ದಿರಿ, ಮುದ್ದು ಮಾಡುತ್ತಿದ್ದಿರಿ, ‘ಯಾಕಪ್ಪಾ ನನ್ನ ಬಂಗಾರ, ಎಲ್ಲಿ ಬಿದ್ದಿ, ಎಲ್ಲಿ ಪೆಟ್ಟಾತು, ತೋರಸು’ ಅನ್ನುತ್ತಿದ್ದಿರಿ. ಮಗು ಮಾತು ಕಲಿಯುವುದು ಇಂಥದ್ದರಿಂದ. ಅವನು ಸುಮ್ಮನಾದದ್ದು ಆಶ್ಚರ್ಯವಲ್ಲ, ಮನೆಯೇ ಸುಮ್ಮನಾಗಿತ್ತು. ಆದರೆ ಎರಡು ತಿಂಗಳಲ್ಲಿ ಕೈಮೀರಿದ್ದು ಏನೂ ಇಲ್ಲ. ಸಲಹೆ ಕೊಟ್ಟವರನ್ನು ನಂಬಿ ಮಗನ ಒಳ್ಳೆಯದಕ್ಕೇ ಮಾಡಿದಿರಿ. ಅದನ್ನೇ ಹಿಡಿದುಕೊಂಡು ರಾತ್ರಿ ನಿದ್ದೆಗೆಡಬೇಡಿ.

ಶುದ್ಧ ಕನ್ನಡದ ಮಾತೂ ಬಂತು. ಅದನ್ನು ಹೇಳಿದವರು ಯಾರೋ, ನಿಮ್ಮ ಕಡೆಯವರಂತೂ ಅಲ್ಲ! ದಯವಿಟ್ಟು ಮಗನ ಜೊತೆ ಪುಸ್ತಕದ ಕನ್ನಡ ಮಾತಾಡಬೇಡಿ. ‘ಉಣ್ಣಾಕ ಬಾ’, ‘ಹೋಗ್ತೇನಿ’, ‘ಏನ್ ಬೇಕು ನಿಂಗ’ ಅನ್ನುವುದೇ ನಿಮಗೆ ಯೋಚನೆ ಇಲ್ಲದೆ ಬರುವ ಭಾಷೆ. ಯೋಚಿಸಿ ಯೋಚಿಸಿ ಆಡುವ ಕನ್ನಡ ನಿಮ್ಮ ಇಂಗ್ಲಿಷಿನ ಹಾಗೇ ನಾಲ್ಕು ಪದಕ್ಕೆ ನಿಂತುಹೋಗುತ್ತದೆ. ಅತ್ತೆಯವರ ಕರಾವಳಿ ಕನ್ನಡ ಬೇರೆ, ನನ್ನ ಮಲೆನಾಡಿನದು ಬೇರೆ. ಅವನು ದೊಡ್ಡವನಾದ ಮೇಲೆ ‘ಉಂಟು’ ಅಂತಲೂ ಅನ್ನಲಿ, ‘ಐತಿ’ ಅಂತಲೂ ಅನ್ನಲಿ. ಮುಂಬೈ ಕನ್ನಡದಲ್ಲಿ ಅದಕ್ಕೆಲ್ಲ ಜಾಗ ಇದೆ.

ಇಲ್ಲಿಯವರೆಗೆ ಓದಿ, ‘ಹಾಗಾದರೆ ಮನೆಯಲ್ಲಿ ಕನ್ನಡ ಕೇಳಿಸಿಕೊಂಡರೆ ತಾನಾಗೇ ಬರುತ್ತದೆ’ ಅಂತ ನೀವು ಅಂದುಕೊಂಡರೆ, ಅದೂ ತಪ್ಪು ತಿಳಿವಳಿಕೆಯೇ. ಕನ್ನಡದ ಮೇಲೆ ಅಭಿಮಾನ ಇರುವವರು ಹರಡುವ ತಪ್ಪು ತಿಳಿವಳಿಕೆ ಇದು. ಬೆಲ್ಜಿಯಂನಲ್ಲಿ ಆನಿಕ್ ದ ಹಾವರ್ ಎಂಬ ಸಂಶೋಧಕಿ, ಮನೆಯಲ್ಲಿ ಇನ್ನೊಂದು ಭಾಷೆ ಇರುವ ಸುಮಾರು 1,900 ಕುಟುಂಬಗಳ ಲೆಕ್ಕ ತೆಗೆದು 2007ರಲ್ಲಿ ಪ್ರಕಟಿಸಿದರು. ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಕುಟುಂಬದ ಮಕ್ಕಳು ಆ ಮನೆಭಾಷೆಯನ್ನು ಆಡುತ್ತಲೇ ಇರಲಿಲ್ಲ. ತಂದೆ ತಾಯಿ ಇಬ್ಬರೂ ಮನೆಯಲ್ಲಿ ಅದನ್ನೇ ಆಡುತ್ತಿದ್ದ ಕಡೆ ಮಕ್ಕಳಿಗೆ ಬಹುಪಾಲು ಬಂದಿತ್ತು. ಒಬ್ಬರು ಮಾತ್ರ ಅದನ್ನು ಆಡುತ್ತಾ, ಅವರೂ ಊರ ಭಾಷೆ ಬೆರೆಸುತ್ತಿದ್ದ ಮನೆಗಳಲ್ಲಿ ಬಹಳ ಕಡಿಮೆ. ಮಗು ಸ್ಪಂಜಿನ ಹಾಗೆ ಹೀರಿಕೊಳ್ಳುತ್ತದೆ ಅನ್ನುತ್ತಾರಲ್ಲ, ಹಿಂಡಿದರೆ ಅಷ್ಟೇ ಬೇಗ ಖಾಲಿಯೂ ಆಗುತ್ತದೆ.

ನನ್ನ ಮನೆಯ ಕತೆಯನ್ನೇ ಹೇಳುತ್ತೇನೆ. ದೊಡ್ಡ ಮಗಳು ಕನ್ನಡ ಚೆನ್ನಾಗಿ ಮಾತಾಡುತ್ತಾಳೆ. ಮಗನಿಗೆ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಒಂದೇ ತಾಯಿ, ಅದೂ ಭಾಷೆಯ ಕೆಲಸ ಮಾಡುವ ತಾಯಿ! ಆದದ್ದೇನು? ಮಗಳು ಚಿಕ್ಕವಳಿದ್ದಾಗ ನಮ್ಮಮ್ಮ ನಮ್ಮ ಜೊತೆಗಿದ್ದರು, ಅವರಿಗೆ ಹಿಂದಿ ಬಾರದು. ಮಗ ಹುಟ್ಟುವ ಹೊತ್ತಿಗೆ ಅಮ್ಮ ಊರಿಗೆ ಹೋಗಿದ್ದರು, ಮಗಳು ಸ್ಕೂಲಿನ ಭಾಷೆಯನ್ನು ಮನೆಗೆ ತಂದಿದ್ದಳು. ಅವನಿಗೆ ಕನ್ನಡದ ಅಗತ್ಯವೇ ಬೀಳಲಿಲ್ಲ. ನೀವು ಎರಡನೆಯ ಮಗುವಿನ ಯೋಚನೆಯಲ್ಲಿದ್ದರೆ ಇದು ನೆನಪಿರಲಿ.

ಅಗತ್ಯ ಅನ್ನುವ ಮಾತು ಮುಖ್ಯ. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡ ತಾಯ್ನುಡಿ ಅಂತ ಬರೆಸಿದವರು ಸುಮಾರು 10 ಲಕ್ಷ. ಅಷ್ಟು ಜನ ಇದ್ದೂ ಮುಂಬೈಯ ಮೂರನೆಯ ತಲೆಮಾರಿಗೆ ಕನ್ನಡ ಜಾರುತ್ತಿದೆ. ಯಾಕೆ? ಮೊದಲು ಬಂದವರು ಹೋಟೆಲಿನಲ್ಲಿ ಕೆಲಸ ಮಾಡಿ, ಅಲ್ಲೇ ಹತ್ತು ಹನ್ನೆರಡು ಜನ ಒಟ್ಟಿಗೆ ಮಲಗಿ, ರಾತ್ರಿ ಕನ್ನಡ ಮಾಧ್ಯಮದ ರಾತ್ರಿಶಾಲೆಯಲ್ಲಿ ಓದಿದವರು. ಅವರಿಗೆ ಕನ್ನಡ, ತುಳು ಅಂದರೆ ಕೆಲಸದ ಭಾಷೆ, ಗೆಳೆಯರ ಭಾಷೆ, ಭಾನುವಾರದ ಯಕ್ಷಗಾನದ ಭಾಷೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದ್ದು. ಆ ಕಾಲಕ್ಕೆ ಭಾಷೆಯನ್ನು ‘ಉಳಿಸುವ’ ಕಷ್ಟ ಇರಲಿಲ್ಲ, ಅದು ದಿನಬಳಕೆಯ ವಸ್ತು. ಈಗ ಒಂದೊಂದು ಫ್ಲ್ಯಾಟಿನಲ್ಲಿ ಮೂರು ಮೂರು ಜನ. ಬಾಗಿಲು ಹಾಕಿದರೆ ಕನ್ನಡ ಒಳಗೆ, ತೆಗೆದರೆ ಹಿಂದಿ ಮರಾಠಿ. ಮುಂಬೈ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲಿ ಒಂದು. ಆದರೆ ಡೊಂಬಿವಲಿ ಬೇರೆ ಪಾಲಿಕೆ, ನಿಮ್ಮ ಮನಸ್ಸೂ ಇಂಗ್ಲಿಷ್ ಮಾಧ್ಯಮದ ಕಡೆಗಿದೆ. ಅದನ್ನು ನಾನು ಬೇಡ ಅನ್ನುವುದಿಲ್ಲ. ನನ್ನ ಮಕ್ಕಳೂ ಓದಿದ್ದು ಅಲ್ಲೇ.

ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ. ಇಂಗ್ಲಿಷ್ ಒಂದೇ ಅನ್ನುವ ದಾರಿಯ ಬಗ್ಗೆ ಹೇಳಿಯಾಯಿತು. ಅದರಲ್ಲಿ ಕಳೆದುಕೊಳ್ಳುವುದು ಕನ್ನಡವನ್ನಷ್ಟೇ ಅಲ್ಲ, ಅವನ ಜೊತೆ ದಿನವಿಡೀ ಇರುವ ಇಬ್ಬರ ಮಾತನ್ನೂ. ಇನ್ನೊಂದು ದಾರಿ, ಅತ್ತೆಯವರೂ ಕನ್ನಡಕ್ಕೆ ಬದಲಾಗುವುದು. ಮುಂಬೈ ತುಳುವರಲ್ಲಿ ಮನೆಮಾತು ತುಳು, ಓದು ಬರಹ ಕನ್ನಡ ಅನ್ನುವುದು ಹಳೆಯ ಪದ್ಧತಿ. ಹಾಗಾಗಿ ಅವರಿಗೆ ಕನ್ನಡ ಬರುತ್ತದೆ ಅಂದುಕೊಳ್ಳುತ್ತೇನೆ. ಇದರಿಂದ ಮಗುವಿಗೆ ಕನ್ನಡದ ಹೊತ್ತು ಎರಡರಷ್ಟಾಗುತ್ತದೆ, ಅದು ನಿಜವಾದ ಲಾಭ. ಆದರೆ ಮಗನಿಗೆ, ಗಂಡನಿಗೆ ಜೀವನವಿಡೀ ತುಳುವಿನಲ್ಲಿ ಮಾತಾಡಿದವರು ಮೊಮ್ಮಗನಿಗೆ ಕನ್ನಡದಲ್ಲಿ ಲಾಲಿ ಹಾಡಲಿ ಅನ್ನುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ನಿಮಗೆ ಇಂಗ್ಲಿಷ್ ಹೇಗೋ ಅವರಿಗೆ ಅದು ಹಾಗೆ ಆಗಬಹುದು. ತುಳುವಿಗೆ ಆಸರೆಯೂ ಕಡಿಮೆ. ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲಿ ಅದರ ಹೆಸರಿಲ್ಲ, ಮುಂಬೈ ಶಾಲೆಯಲ್ಲಂತೂ ಸಿಗುವುದಿಲ್ಲ. ಅಜ್ಜಿಯ ಬಾಯಿ ಮುಚ್ಚಿದರೆ ಅವನಿಗೆ ತುಳು ಅಲ್ಲಿಗೆ ಮುಗಿಯಿತು.

ನಾನು ಹೇಳುವುದು ಮೂರನೆಯದನ್ನು. ನೀವು ಕನ್ನಡ, ಅಜ್ಜಿ ತುಳು, ಶಾಲೆ ಇಂಗ್ಲಿಷ್. ಹಿಂದಿ ಮರಾಠಿ ಕೆಳಗೆ ಆಟದ ಜಾಗದಲ್ಲಿ ಬೇಡ ಅಂದರೂ ಬರುತ್ತವೆ, ಅವುಗಳ ಚಿಂತೆ ನಿಮಗೆ ಬೇಡ. ಇದರ ಅಪಾಯವನ್ನೂ ಹೇಳಬೇಕಲ್ಲ. ನೀವು ಕೆಲಸಕ್ಕೆ ಸೇರಿದರೆ ಕನ್ನಡದ ಹೊತ್ತು ಕುಸಿಯುತ್ತದೆ. ಅತ್ತೆ ಊರಿಗೆ ಹೋದರೆ ತುಳುವಿನದ್ದು ಕುಸಿಯುತ್ತದೆ. ಯಜಮಾನರ ಸರದಿ ವಾರದ ರಜೆಯ ಒಂದು ದಿನ ಮಾತ್ರ. ಆ ದಿನ ಅವರು ತುಳುವಿನಲ್ಲೇ ಮಾತಾಡಲಿ, ಇಂಗ್ಲಿಷ್ ಅಭ್ಯಾಸ ಮಾಡಿಸುವ ಮೇಷ್ಟ್ರು ಆಗುವುದು ಬೇಡ. ಒಂದು ಪಕ್ಷ ಮುಂದೆ ಎರಡರಲ್ಲಿ ಒಂದು ಭಾಷೆ ಹಿಂದೆ ಬಿದ್ದರೆ, ಅರ್ಥವಾಗುವಷ್ಟೇ ಉಳಿದರೆ, ಅದು ನಿಮ್ಮ ಸೋಲು ಅಂದುಕೊಳ್ಳಬೇಡಿ. ನಾಲ್ಕು ಭಾಷೆಯೂ ಸಮಸಮ ಬರಬೇಕು ಅನ್ನುವ ಹಟದಲ್ಲಿ ಊಟದ ಹೊತ್ತನ್ನು ಪರೀಕ್ಷೆ ಮಾಡಿದ ಮನೆಗಳನ್ನೂ ನೋಡಿದ್ದೇನೆ.

ಮಾತಾಡಿಸುವುದು ಹೇಗೆ ಅಂದರೆ, ‘ಹೇಳು, ಹೇಳು, ಇದೇನು ಹೇಳು’ ಅನ್ನುವುದನ್ನು ನಿಲ್ಲಿಸಿ. ಅದು ಮಾತಲ್ಲ, ಪ್ರಶ್ನೆಪತ್ರಿಕೆ. ಅವನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರೆ ನೀವೂ ನಿಲ್ಲಿ. ಅವನು ನೋಡುತ್ತಿರುವುದನ್ನೇ ಹೇಳಿ: ‘ಲೋಕಲ್ ಬಂತು. ಲೋಕಲ್ ಹೊಂಟಿತು.’ ಆಮೇಲೆ ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲೇ ಹತ್ತು ಎಣಿಸಿ. ಈ ಹತ್ತು ಎಣಿಸುವುದೇ ತಾಯಂದಿರಿಗೆ ಬಲು ಕಷ್ಟ! ಅವನು ‘ಪಾನಿ ಬೇಕು’ ಅಂದರೆ ‘ಪಾನಿ ಅಲ್ಲ, ನೀರು ಅನ್ನು’ ಅಂತ ತಿದ್ದಬೇಡಿ. ‘ನೀರು ಬೇಕಾ? ತಗೋ, ತಣ್ಣಗಿನ ನೀರು’ ಅಂತ ಕೊಡಿ. ಅವನ ಎರಡು ಪದಕ್ಕೆ ನೀವು ಒಂದು ಪದ ಸೇರಿಸಿ, ಅಷ್ಟು ಸಾಕು. ನೆಂಟರ ಮುಂದೆ ‘ಕನ್ನಡದಾಗ ಮಾತಾಡಿ ತೋರಸು’ ಅನ್ನುವುದಂತೂ ಬೇಡವೇ ಬೇಡ. ಥೆರಪಿ ಬೇಕು ಅಂತಾದರೆ ಕನ್ನಡ ಬಲ್ಲ ಥೆರಪಿಸ್ಟ್ ಇಲ್ಲಿ ಸಿಗುವುದು ಕಷ್ಟ. ಮರಾಠಿಯವರಾದರೂ ಚಿಂತೆಯಿಲ್ಲ, ಅವರು ನಿಮಗೆ ಕಲಿಸಲಿ, ನೀವು ಮನೆಯಲ್ಲಿ ಕನ್ನಡದಲ್ಲಿ ಮಾಡಿ. ‘ಮನೆಮಾತು ಬಿಟ್ಟರೆ ಮಾತ್ರ ಥೆರಪಿ’ ಅನ್ನುವವರು ಸಿಕ್ಕರೆ ಬೇರೆಯವರನ್ನು ಹುಡುಕಿ.

ರಜೆಗೆ ಧಾರವಾಡ? ಖಂಡಿತ ಕಳಿಸಿ. ಆದರೆ ಬರುವ ಭಾಷೆ ಅಲ್ಲಿ ಬಲಿಯುತ್ತದೆ, ಬಾರದ ಭಾಷೆ ಒಂದು ತಿಂಗಳಲ್ಲಿ ಹುಟ್ಟುವುದಿಲ್ಲ. ಎಂಟು ವರ್ಷದವನಾಗಿ ಕನ್ನಡ ಬಾರದೆ ಹೋದರೆ ಅಲ್ಲಿನ ಹುಡುಗರು ನಗುತ್ತಾರೆ, ಇವನು ಮೊಬೈಲ್ ಹಿಡಿದು ಮೂಲೆಗೆ ಕೂರುತ್ತಾನೆ. ಈಗಿಂದಲೇ ಹೋಗಿ ಬರಲಿ. ಅಲ್ಲಿಯವರೆಗೆ ವಿಡಿಯೋ ಕಾಲಿನಲ್ಲಿ ನಿಮ್ಮ ತಾಯಿಯವರು ‘ಊಟ ಆತಾ, ನಿದ್ದಿ ಆತಾ’ ಅಂತ ಕೇಳುವ ಬದಲು ದಿನಾ ಒಂದೇ ಕತೆ ಹೇಳಲಿ. ಅದೇ ಕತೆ, ಅದೇ ಮಾತು. ಹದಿನೈದನೆಯ ದಿನ ಒಂದು ಪದ ಬೇಕೆಂದೇ ಬಿಟ್ಟು ಸುಮ್ಮನಿರಲಿ. ಅವನು ಅದನ್ನು ತುಂಬಿದರೆ ನನಗೆ ಬರೆದು ತಿಳಿಸಿ.

ಓದು ಬರಹಕ್ಕೆ ಇನ್ನೂ ಸಮಯ ಇದೆ, ಆರೇಳು ವರ್ಷಕ್ಕೆ ನೋಡೋಣ. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯಿಂದ ಇಂಗ್ಲಿಷ್ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಹೊರೆ ಅಂತ ಗೊಣಗುವವರಿದ್ದಾರೆ. ನಿಮಗೆ ಅದು ಅನುಕೂಲವೇ. ಕ ಖ ಗ ಘ ಸಾಲು ಕನ್ನಡ, ಮರಾಠಿ ಎರಡಕ್ಕೂ ಒಂದೇ, ಕಾಗುಣಿತದ ಲೆಕ್ಕವೂ ಹೆಚ್ಚುಕಡಿಮೆ ಒಂದೇ. ಹಿಂದಿಯಲ್ಲಿ ಇಲ್ಲದ ‘ಳ’ ಮರಾಠಿಯಲ್ಲಿದೆ. ಎ-ಏ, ಒ-ಓ ಬೇರೆ ಬೇರೆ ಅನ್ನುವುದೊಂದನ್ನು ನೀವು ಕೂತು ಹೇಳಿಕೊಡಬೇಕಾಗುತ್ತದೆ.

ಇನ್ನು ಫಾರ್ಮ್. ಇಂಗ್ಲಿಷ್ ಅಂತ ಬರೆಯಬೇಡಿ. ಹಾಗೆ ಬರೆದರೆ, ಮನೆಯಲ್ಲಿ ಇಂಗ್ಲಿಷ್ ಇದ್ದೂ ಮಗುವಿಗೆ ಇಂಗ್ಲಿಷ್ ಬರುತ್ತಿಲ್ಲ ಅಂತ ಹೊಸ ಟೀಚರ್ ಅವನನ್ನು ಅಳೆಯುತ್ತಾರೆ. ನಿಜ ಬರೆದರೆ, ಹೊಸ ಭಾಷೆಯ ತರಗತಿಯಲ್ಲಿ ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು ಅವನು ಸುಮ್ಮನೆ ಕೂತಾಗ ಯಾಕೆ ಅಂತ ಅವರಿಗೆ ಅರ್ಥವಾಗುತ್ತದೆ. ‘ಕನ್ನಡ, ತುಳು’ ಅಂತ ಬರೆಯಿರಿ. ಪಕ್ಕದಲ್ಲಿ, ಮಾತು ತಡವಾಗಿದೆ, ಕಿವಿ ಪರೀಕ್ಷೆ ಆಗಿದೆ ಅಂತ ತಾರೀಕು ಹಾಕಿ. ಅಷ್ಟರೊಳಗೆ ಪರೀಕ್ಷೆ ಆಗಿರಲಿ. ಜಾಗ ಸಾಲದಿದ್ದರೆ ಹಾಳೆಯ ಹಿಂದೆ ಬರೆಯಿರಿ.